ಟೈಲರಮ್ಮ ಬರೆದುಕೊಟ್ಟ ಸಿನಿಮಾ

ಮೆಟ್ಟಿಲಿನ ಕೆಳಗಿನ ಆ ಅಂಗಡಿಯಲ್ಲಿ ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಒಂದು ಸ್ಟೂಲು ಇಷ್ಟಿಟ್ಟ ಮೇಲೆ ಒಬ್ಬ ಗಿರಾಕಿ ನಿಲ್ಲುವಷ್ಟು ಜಾಗ ಉಳಿಯುತ್ತಿತ್ತು. ಇಬ್ಬರು ಬಂದರೆ ಎರಡನೆಯವರು ರಸ್ತೆಯಲ್ಲಿ ಕಾಯಬೇಕು. ಆದರೂ ಆ ಬೀದಿಯ ಯಾವ ಮನೆಯವರು ರಜೆಯ ದಿನ ಯಾವ ಸಿನಿಮಾ ನೋಡಬೇಕು ಅನ್ನುವುದು ತೀರ್ಮಾನವಾಗುತ್ತಿದ್ದದ್ದು ಅಲ್ಲೇ.

ಟೈಲರಮ್ಮನಿಗೆ ಒಳ್ಳೆ ಸಿನಿಮಾ ಹೇಳುವವಳೆಂಬ ಈ ಹೆಸರು ಬಂದು ಐದಾರು ವರ್ಷವಾಗಿತ್ತು. ಶುರುವಾದದ್ದು ಔಷಧಿ ಅಂಗಡಿಯ ಮೇಡಂನಿಂದ. ಪರದೆಗೆ ಅಂಚು ಹೊಲಿಸಲು ಬಂದವರು ಅವಳ ಫೋನಿನಲ್ಲಿ ಓಡುತ್ತಿದ್ದ ಸಿನಿಮಾದ ನಗು ಕೇಳಿ, "ಯಾವುದ್ರೀ ಅದು? ಚೆನ್ನಾಗಿದ್ಯಾ?" ಎಂದಿದ್ದರು. "ಮನಸ್ಸು ಹಗುರ ಆಗತ್ತೆ ಮೇಡಂ, ಮನೇಲಿ ಹಾಕ್ಕೊಂಡು ನೋಡಿ," ಎಂದು ಟೈಲರಮ್ಮ ಅದರ ಹೆಸರನ್ನು ಅಳತೆ ಚೀಟಿಯ ಹಿಂದೆ ಬರೆದು ಪರದೆಗೆ ಗುಂಡುಸೂಜಿಯಿಂದ ಚುಚ್ಚಿಕೊಟ್ಟಳು. ಮರುವಾರ ಮೇಡಂ ತಮ್ಮ ತಂಗಿಯನ್ನೂ ಕರೆದುಕೊಂಡು ಬಂದರು. ಅಲ್ಲಿಂದ ಮುಂದೆ ಪ್ಯಾಂಟು ಗಿಡ್ಡ ಮಾಡಿಸಿದವರಿಗೂ ಒಂದು ಚೀಟಿ, ಜಿಪ್ ಹಾಕಿಸಿದವರಿಗೂ ಒಂದು ಚೀಟಿ. ಎಲ್ಲಾದರೂ ಮರೆತು ಬರೀ ಬಟ್ಟೆ ಕೊಟ್ಟರೆ, "ಯಾಕಮ್ಮ, ನಾವೇನು ಪಾಪ ಮಾಡಿದ್ವಿ?" ಎಂದು ಬೇಕರಿಯ ಅಣ್ಣ ಮುಖ ಊದಿಸಿಕೊಳ್ಳುತ್ತಿದ್ದ.

ಆರಿಸುವುದರಲ್ಲಿ ಅವಳು ಬಹಳ ಕಟ್ಟುನಿಟ್ಟು. ಗುಂಡಿನ ಸದ್ದು ಬಂದರೆ ಆ ಸಿನಿಮಾ ಹೊರಗೆ. ಗಂಡಹೆಂಡಿರು ಕಿರುಚಾಡಿದರೆ ಎರಡು ನಿಮಿಷ ಕಾಯುತ್ತಿದ್ದಳು; ರಾಜಿಯಾಗದಿದ್ದರೆ ಅದೂ ಹೊರಗೆ. ಮೊದಲ ಕಾಲು ಗಂಟೆಯೊಳಗೆ ಯಾರಾದರೂ ಮನಸಾರೆ ನಗಬೇಕು. ಕೊನೆಯಲ್ಲಿ ಸಂಗೀತ ಮೇಲೇರಬೇಕು, ಪೆಡಲಿನ ಮೇಲೆ ತನ್ನ ಕಾಲು ತಾನಾಗಿಯೇ ನಿಧಾನವಾಗಬೇಕು. ಫೋನು ಮೇಲಿನ ಹಲಗೆಯಲ್ಲಿ ದಾರದ ಡಬ್ಬಿಗೆ ಒರಗಿರುತ್ತಿತ್ತು, ಅವಳ ಕಣ್ಣು ಸೂಜಿಯ ಮೇಲಿರುತ್ತಿತ್ತು. ಕೆಲಸ ಕಲಿಯುವಾಗ ಒಮ್ಮೆ ಸೂಜಿ ತೋರುಬೆರಳಿನ ಉಗುರನ್ನು ತೂರಿ ಇಳಿದಿತ್ತು. ಅಂದಿನಿಂದ ಚಕ್ರ ತಿರುಗುತ್ತಿರುವಾಗ ಅವಳು ಕಣ್ಣೆತ್ತಿದ್ದಿಲ್ಲ. ಹಾಗಿದ್ದರೂ "ಆ ಸಿನಿಮಾ ನೋಡಿದೆ" ಎಂದೇ ಹೇಳುತ್ತಿದ್ದಳು. ಅದು ಸುಳ್ಳು ಅನ್ನುವ ಯೋಚನೆಯೇ ಅವಳಿಗೆ ಬಂದಿರಲಿಲ್ಲ.

ಅಂಗಡಿಯ ಮೇಲಿನ ಮನೆಯಲ್ಲಿ ಅವಳ ಅಕ್ಕ, ಭಾವ ಇದ್ದರು. ಅಕ್ಕ ಹನ್ನೆರಡು ವರ್ಷಗಳಿಂದ ತನ್ನದೇ ವ್ಯಾನಿನಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುತ್ತಿದ್ದಳು. ಒಂದು ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಇಬ್ಬರು ನೀರಿನ ಬಾಟಲಿಗಾಗಿ ಕಿತ್ತಾಡುತ್ತಿದ್ದರು. ಅಕ್ಕ "ಏಯ್!" ಎಂದು ಹಿಂದೆ ತಿರುಗಿದಳು. ಅಷ್ಟೇ ಹೊತ್ತಿಗೆ ವ್ಯಾನು ಶಾಲೆಯ ಗೇಟಿನ ಕಂಬಕ್ಕೆ ತಾಗಿತು. ಒಬ್ಬ ಹುಡುಗಿಯ ಮುಂಗೈ ಮೂಳೆ ಬಿರುಕುಬಿಟ್ಟಿತು. ಹುಡುಗಿಯ ತಾಯಿಯೇ "ಆಗೋಯ್ತು ಬಿಡಿ, ಬೇಕು ಅಂತ ಮಾಡಿದ್ರಾ?" ಅಂದರು. ಅಕ್ಕ ಮಾತ್ರ ಮನೆಗೆ ಬಂದು ಕೀಲಿಯನ್ನು ಭಾವನ ಕೈಗಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಹದಿನೇಳು ದಿನವಾಯಿತು, ಆ ದಿನವನ್ನೂ ಸೇರಿಸಿಕೊಂಡರೆ ಹದಿನೆಂಟು. ಹೆಡ್‌ಮಿಸ್ಸು ಫೋನು ಮಾಡಿ, ಸೋಮವಾರದವರೆಗೆ ಕಾಯುತ್ತೇವೆ, ಆಮೇಲೆ ಬೇರೆ ವ್ಯಾನು ಗೊತ್ತುಮಾಡದೆ ವಿಧಿಯಿಲ್ಲ ಎಂದು ಹೇಳಿದ್ದರು.

ಶುಕ್ರವಾರ ಮಧ್ಯಾಹ್ನ ಭಾವ ಅಂಗಡಿಗೆ ಇಳಿದು ಬಂದ. ಅವನು ಗಡಿಯಾರ ರಿಪೇರಿ ಮಾಡುವವನು. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯನ್ನು ಹಣೆಯ ಮೇಲೆ ಏರಿಸಿಕೊಂಡೇ ಬಂದಿದ್ದ.

"ಊರಿಗೆಲ್ಲಾ ಚೀಟಿ ಹಂಚ್ತೀಯ. ನಿಮ್ಮಕ್ಕನಿಗೂ ಒಂದು ಬರೆದುಕೊಡು ತಾಯಿ. ನೋಡಿದ್ರೆ ಎದ್ದು ಕೂರೋ ಹಾಗಿರಬೇಕು. ಸೋಮವಾರ ಇವಳು ಹೋಗಲಿಲ್ಲ ಅಂದ್ರೆ ಮುಗೀತು. ಆಮೇಲೆ ಆ ವ್ಯಾನಲ್ಲಿ ನಾನು ಕೋಳಿ ಸಾಕಬೇಕು."

"ಅಕ್ಕ ನೋಡ್ತಾಳಾ ಭಾವ?"

"ನಾನು ಟೀವಿ ಹಾಕಿ ಬಾಗಿಲು ತೆಗೆದಿಡ್ತೀನಿ. ಮಿಕ್ಕಿದ್ದು ನಿನ್ನ ಚೀಟಿಗೆ ಬಿಟ್ಟಿದ್ದು."

ಟೈಲರಮ್ಮ ಅವತ್ತು ಒಂದು ಕಾಲರನ್ನು ಎರಡು ಸಲ ಬಿಚ್ಚಿ ಹೊಲಿದಳು, ಅಷ್ಟು ಯೋಚನೆ ಮಾಡಿದಳು. ಕೊನೆಗೆ ಮಕ್ಕಳ ವ್ಯಾನಿನ ಡ್ರೈವರನ ಕಥೆಯೊಂದು ಹೊಳೆಯಿತು. ವ್ಯಾನಿನ ತುಂಬ ಹಾಡು, ತಮಾಷೆ. ಕೊನೆಯಲ್ಲಂತೂ ಮಕ್ಕಳೆಲ್ಲ ಒಟ್ಟಿಗೆ "ಗುಡ್ ಮಾರ್ನಿಂಗ್ ಮಾಮಾ!" ಎಂದು ಕೂಗುತ್ತಾರೆ, ಅವನು ಹೊಟ್ಟೆ ತುಂಬ ನಗುತ್ತಾನೆ, ಪಿಟೀಲು ಏರುತ್ತದೆ. ಅಕ್ಕನಿಗೆಂದೇ ಮಾಡಿದ ಹಾಗಿದೆ! ಹೆಸರನ್ನು ದುಂಡಗೆ ಬರೆದು ಭಾವನಿಗೆ ಕೊಟ್ಟಳು.

ಶನಿವಾರ ಬೆಳಿಗ್ಗೆ ಅವಳು ಅಂಗಡಿಯ ಬಾಗಿಲು ಪೂರ್ತಿ ಎತ್ತುವ ಮೊದಲೇ ಭಾವ ಬಗ್ಗಿ ಒಳಗೆ ಬಂದ.

"ಏನಮ್ಮ ಕೊಟ್ಟೆ ನೀನು? ಅವಳು ಎದ್ದು ಬಂದು ಕೂತು ಪೂರ್ತಿ ನೋಡಿದಳು. ನಾನು ಖುಷಿಯಾಗಿ ಅಡುಗೆಮನೇಲಿ ಪಾತ್ರೆ ತೊಳೀತಿದ್ದೆ. ಧಡ್ ಅಂತ ರಿಮೋಟ್ ಬಿತ್ತು. ಒಳಗೆ ಹೋಗಿ ಚಿಲಕ ಹಾಕ್ಕೊಂಡವಳು ಇನ್ನೂ ತೆಗೆದಿಲ್ಲ!"

"ಯಾಕೆ?"

"ಯಾಕೆ ಅಂದ್ರೆ? ಆಮೇಲೆ ನಾನೂ ಹಾಕ್ಕೊಂಡು ನೋಡಿದೆ. ಅವನು ಸತ್ತೋಗ್ತಾನಲ್ಲೇ!"

"ಯಾರು?"

"ಡ್ರೈವರು!"

"ಯಾವಾಗ ಸತ್ತ?"

ಭಾವ ಅವಳನ್ನೇ ನೋಡಿದ. "ನೀನು ನೋಡಿದ್ದು ಯಾವ ಸಿನಿಮಾ?"

"ಅದೇ. ಕೊನೇಲಿ ಮಕ್ಕಳು ಕೂಗ್ತಾರೆ, ಅವನು ನಗ್ತಾನೆ…"

"ನಗೋದು ಫೋನಲ್ಲಿ! ಮುಂಚೆ ಯಾವತ್ತೋ ರೆಕಾರ್ಡ್ ಆಗಿದ್ದ ನಗು ಅದು. ಮಕ್ಕಳು ಅವನ ಖಾಲಿ ಸೀಟಿನ ಮುಂದೆ ನಿಂತು ಕೇಳಿಸ್ಕೋತಿರ್ತಾರೆ. ಒಂದೂವರೆ ನಿಮಿಷ ಆ ಖಾಲಿ ಸೀಟನ್ನೇ ತೋರಿಸ್ತಾರಲ್ಲ, ನೀನು ಎಲ್ಲಿಗೆ ಹೋಗಿದ್ದೆ?"

ಟೈಲರಮ್ಮ ಕಣ್ಣುಕಣ್ಣು ಬಿಟ್ಟಳು. ಎಲ್ಲಿಗೂ ಹೋಗಿರಲಿಲ್ಲ, ಇಲ್ಲೇ ಇದೇ ಸ್ಟೂಲಿನ ಮೇಲಿದ್ದೆ ಎಂದು ಹೇಳಹೋದವಳು ಬಾಯಿ ಮುಚ್ಚಿಕೊಂಡಳು.

ಮಧ್ಯಾಹ್ನ ಬಾಗಿಲನ್ನು ಅರ್ಧ ಇಳಿಸಿ ಫೋನನ್ನು ಯಂತ್ರದ ಮೇಲಿಟ್ಟು ನೋಡಲು ಕೂತಳು. ಮೊದಲ ಕಷ್ಟ ಕೈಗಳದು. ಅವನ್ನು ಎಲ್ಲಿಡಬೇಕೆಂದು ತೋಚಲಿಲ್ಲ. ಮಡಿಲಲ್ಲಿಟ್ಟರೆ ಯಾರದೋ ಕೈಗಳಂತೆ ಭಾರ. ಎರಡನೆಯ ಕಷ್ಟ ಮುಖಗಳದು. ಗೊಗ್ಗರು ದನಿಯ ಹೆಂಗಸು ದಪ್ಪಗಿರುತ್ತಾಳೆ ಎಂದುಕೊಂಡಿದ್ದಳು. ನೋಡಿದರೆ ಕಡ್ಡಿಯ ಹಾಗಿದ್ದಳು. ಡ್ರೈವರನ ಅಪ್ಪ ಎಂದುಕೊಂಡಿದ್ದವನು ಅಪ್ಪನೇ ಅಲ್ಲ, ಎದುರುಮನೆಯವನು. ಮಧ್ಯದಲ್ಲಿ ಯಾರೂ ಮಾತಾಡದ ಒಂದಷ್ಟು ಹೊತ್ತಿತ್ತು. ಅಲ್ಲಿ ಬರೀ ಮಳೆಯ ಸದ್ದು ಎಂದು ಅವಳು ಪ್ರತಿಸಲವೂ ಗುಂಡಿ ಹುಡುಕಲು ಎದ್ದು ಹೋಗುತ್ತಿದ್ದಳು. ಡ್ರೈವರು ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದ್ದು ಅಷ್ಟರೊಳಗೆ.

ಸಿನಿಮಾ ಮುಗಿದರೂ ಅವಳು ಏಳಲಿಲ್ಲ. ತಲೆಯೊಳಗೆ ದಾರದ ಉಂಡೆ ಬಿಚ್ಚಿಹೋದಂತಾಗಿತ್ತು. ಹಾಗಾದರೆ ಉಳಿದವು? ಔಷಧಿ ಅಂಗಡಿಯ ಮೇಡಂಗೆ ಕೊಟ್ಟದ್ದರಲ್ಲಿ ಯಾರು ಸತ್ತಿದ್ದರು? ಬೇಕರಿಯ ಅಣ್ಣ ಒಂದು ಸಲ "ನೀವು ಹೇಳಿದ ಸಿನಿಮಾ ನೋಡಿ ಮನೆಯವರೆಲ್ಲ ಕೂತು ಅತ್ವಿ, ಏನ್ ಚೆನ್ನಾಗಿತ್ತಮ್ಮ" ಅಂದಿದ್ದ. ಖುಷಿಗೆ ಅತ್ತಿದ್ದಾರೆ ಎಂದು ತಾನು ಹಿಗ್ಗಿದ್ದಳು. ಅತ್ತವರು ಮತ್ತೆ ಬಂದು ಇನ್ನೊಂದು ಚೀಟಿ ಯಾಕೆ ಕೇಳಿದರು? ಚೆನ್ನಾಗಿಲ್ಲ ಎಂದು ಹೇಳಲು ಸಂಕೋಚಪಟ್ಟರೇ, ಇಲ್ಲ ನಿಜವಾಗಿಯೂ ಹಗುರವಾದರೇ? ಎಷ್ಟು ಯೋಚಿಸಿದರೂ ತಲೆಬುಡ ಅರ್ಥವಾಗಲಿಲ್ಲ. ಒಂದು ಮಾತ್ರ ಸ್ಪಷ್ಟವಿತ್ತು. ನಾಡಿದ್ದು ಸೋಮವಾರ, ಅಕ್ಕ ಚಿಲಕ ಹಾಕಿಕೊಂಡಿದ್ದಾಳೆ, ಹಾಕಿಸಿದ್ದು ತಾನು.

ಸಂಜೆ ಐದರ ಹೊತ್ತಿಗೆ ಮೆಟ್ಟಿಲು ಹತ್ತಿದಳು. ಭಾವ ಮುಚ್ಚಿದ ಬಾಗಿಲಿನ ಮುಂದೆ ನೆಲದ ಮೇಲೆ ಕೂತು ಯಾರದೋ ಅಲಾರಂ ಗಡಿಯಾರ ಬಿಚ್ಚುತ್ತಿದ್ದ.

"ಅಕ್ಕಾ, ನಾನು. ತಪ್ಪಾಯ್ತು ಕಣೆ. ಅವನು ಸಾಯ್ತಾನೆ ಅಂತ ನಂಗೆ ಗೊತ್ತಿರಲಿಲ್ಲ."

ಒಳಗೆ ಮಂಚ ಕಿರುಗುಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ಚಿಲಕ ಸರಿಯಿತು. ಅಕ್ಕನ ಕೂದಲು ಒಂದು ಕಡೆ ಚಪ್ಪಟೆಯಾಗಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ.

"ಸತ್ತಿದ್ದಕ್ಕಲ್ಲ ಕಣೆ," ಎಂದಳು. "ಸಾಯಲಿ ಅವನು."

ಭಾವನ ಕೈಯಿಂದ ಸ್ಕ್ರೂ ಜಾರಿ ಬಿತ್ತು.

"ಐದು ಸಲ!" ಅಕ್ಕ ಐದು ಬೆರಳನ್ನೂ ತಂಗಿಯ ಮುಖದ ಮುಂದೆ ಹಿಡಿದಳು. "ಐದು ಸಲ ಹಿಂದೆ ತಿರುಗಿ ಮಕ್ಕಳ ಹತ್ರ ಹರಟೆ ಹೊಡೀತಾನೆ. ಗಾಡಿ ಓಡ್ತಿರಬೇಕಾದ್ರೆ! ಒಂದು ಸಲ ಸ್ಟೀರಿಂಗೂ ಬಿಟ್ಟು ಚಪ್ಪಾಳೆ ತಟ್ತಾನೆ. ಅವನಿಗೆ ಏನೂ ಆಗಲ್ಲ. ಎಲ್ಲರೂ ಮಾಮ, ಮಾಮ ಅಂತಾರೆ. ನಾನು ತಿರುಗಿದ್ದು ಒಂದೇ ಸಲ. ಹನ್ನೆರಡು ವರ್ಷದಲ್ಲಿ ಒಂದು ಸಲ!" ನಾಲ್ಕು ಬೆರಳು ಮಡಚಿ ಒಂದನ್ನೇ ಹಿಡಿದಳು. "ಇದನ್ನ ನೋಡಿ ನಾನು ಎದ್ದು ಕೂರಬೇಕಿತ್ತಾ? ನೀನು ನೋಡಿದ್ಯಲ್ಲ, ನಿಂಗೆ ಏನೂ ಅನ್ನಿಸಲಿಲ್ವಾ?"

ಟೈಲರಮ್ಮನಿಗೆ ಮತ್ತೆ ದಿಕ್ಕು ತಪ್ಪಿತು. ಸಾವಿಗೆ ಕ್ಷಮೆ ಕೇಳಲು ಬಂದವಳು ಈಗ ಇನ್ನಾವುದಕ್ಕೋ ಕೇಳಬೇಕಾಗಿತ್ತು.

"ನಾನು ನೋಡಿಲ್ಲ ಅಕ್ಕ. ಇವತ್ತು ಮಧ್ಯಾಹ್ನ ನೋಡಿದ್ದೇ ಮೊದಲು. ಅದಕ್ಕೆ ಮುಂಚೆ ಬರೀ ಕೇಳಿದ್ದು."

"ಅಂದ್ರೆ?"

"ಮಿಷನ್ ತುಳೀತಾ ಕಣ್ಣೆತ್ತೋಕಾಗಲ್ಲ. ಒಂದೂ ನೋಡಿಲ್ಲ."

"ಒಂದೂ ಇಲ್ವಾ? ಇಡೀ ಬೀದಿಗೆ ಬರೆದುಕೊಟ್ಟಿದ್ದು?"

"ಎಲ್ಲಾ ಕೇಳಿದ್ದೇ."

ಅಕ್ಕನ ಬಾಯಿ ತೆರೆಯಿತು. ಭಾವನ ಕಡೆ ನೋಡಿದಳು. ಭಾವ ನಗಬೇಕೋ ಬೇಡವೋ ತಿಳಿಯದೆ ಅಲಾರಂ ಗಡಿಯಾರವನ್ನು ಎದೆಗೊತ್ತಿಕೊಂಡಿದ್ದ. ಅದು ಇದ್ದಕ್ಕಿದ್ದಂತೆ ಹೊಡೆದುಕೊಳ್ಳಲು ಶುರುಮಾಡಿತು. ಅದನ್ನು ನಿಲ್ಲಿಸಲು ಅವನು ಪಟ್ಟ ಪಾಡು ನೋಡಿ ಅಕ್ಕನ ಗಂಟಲಿನಿಂದ ನಗುವಿನಂಥದ್ದೇನೋ ಹೊರಬಂದು ಅರ್ಧಕ್ಕೇ ನಿಂತಿತು.

"ಕೇಳಿಸ್ಕೊಂಡಾಗ ಅವನು ಹಿಂದೆ ತಿರುಗಿದ್ದು ಗೊತ್ತಾಗಲಿಲ್ವಾ?"

"ಇಲ್ಲ. ನಾನು ಅಂದ್ಕೊಂಡ ಹಾಗೆ ಅವನು ನೇರ ನೋಡ್ಕೊಂಡೇ ಹೋಗ್ತಿದ್ದ. ಸೀಟಿನ ಮೇಲೆ ಯಾರೋ ಬೇಕಲ್ಲ ಅಂತ ನಾನು ನಿನ್ನನ್ನೇ ಕೂರಿಸ್ಕೊಂಡಿದ್ದೆ. ನೀನು ಓಡಿಸೋ ಹಾಗೆ ಓಡಿಸ್ತಿದ್ದ."

ಅಕ್ಕ ಚೌಕಟ್ಟಿಗೆ ಒರಗಿ ನಿಂತಳು.

"ಮಕ್ಕಳು ಗಲಾಟೆ ಮಾಡದೆ ಇರಲ್ಲ," ಎಂದಳು. "ಮಾಡಿದ್ರೆ ನಾನು ಮತ್ತೆ ತಿರುಗ್ತೀನೋ ಇಲ್ವೋ ನಂಗೇ ಗೊತ್ತಿಲ್ಲ. ಮಲಗಿದ್ರೂ ಅದೇ ಯೋಚನೆ. ಗೊತ್ತಾಗೋದು ಹೇಗೆ, ಹೇಳು?"

ಅದಕ್ಕೆ ಉಪಾಯ ಅಕ್ಕನಿಗೇ ಹೊಳೆಯಿತು. ರಾತ್ರಿಯೆಲ್ಲ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದು ಭಾನುವಾರ ಬೆಳಿಗ್ಗೆ ಎಂಟಕ್ಕೆ ತಲೆ ಬಾಚಿಕೊಂಡು ಕೆಳಗಿಳಿದು ಬಂದಳು. ಭಾವ ಕೀಲಿ ಹಿಡಿದು ಹಿಂದೆಯೇ ಬಂದ.

"ಇಬ್ಬರೂ ಹಿಂದೆ ಹತ್ತಿ. ಗಲಾಟೆ ಮಾಡಿ."

"ಎಂಥ ಗಲಾಟೆ?" ಎಂದಳು ಟೈಲರಮ್ಮ.

"ಎರಡನೇ ಕ್ಲಾಸಿನ ಗಲಾಟೆ. ಸುಮ್ಮನೆ ಕೂತ್ರೆ ಪ್ರಯೋಜನ ಇಲ್ಲ."

ಮಕ್ಕಳ ಸೀಟು ಎಷ್ಟು ಗಿಡ್ಡವೆಂದರೆ ಭಾವನ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ವ್ಯಾನು ಓಣಿಯಿಂದ ಹೊರಬಿತ್ತು. ಅಕ್ಕನ ಕುತ್ತಿಗೆ ಮರದ ಹಾಗೆ ಬಿಗಿದಿತ್ತು. ಹಿಂದೆ ಇಬ್ಬರೂ ನಾಚಿಕೊಂಡು ಕೂತಿದ್ದರು. "ಮಾಡ್ರೀ!" ಎಂದು ಮುಂದಿನಿಂದ ಗದರಿಕೆ ಬಂತು. ಟೈಲರಮ್ಮ ಮೆಲ್ಲಗೆ "ಮಿಸ್, ಇವನು ನನ್ನ ಬಾಟಲಿ ತಗೊಂಡ," ಎಂದಳು. ಅವಳ ಕಿವಿ ಕೆಂಪಾಯಿತು. "ನಾನು ತಗೊಂಡಿಲ್ಲ, ಇವಳೇ ಸುಳ್ಳಿ," ಎಂದ ಭಾವ. ಎರಡನೆಯ ತಿರುವು ದಾಟುವಷ್ಟರಲ್ಲಿ ಇಬ್ಬರಿಗೂ ಅಭ್ಯಾಸವಾಗಿತ್ತು. ಬೇಕರಿಯ ಮುಂದೆ ವೇಗ ತಗ್ಗಿದಾಗ ಅಣ್ಣ ಕಿಟಕಿಯ ಹತ್ತಿರ ಬಂದು, "ಅಮ್ಮ, ಇವತ್ತಿಗೊಂದು ಒಳ್ಳೇ ಸಿನಿಮಾ ಹೇಳಿ," ಎಂದ. ಭಾವನ ಜುಟ್ಟು ಹಿಡಿದು ಜಗ್ಗುತ್ತಿದ್ದ ಟೈಲರಮ್ಮ ಅವನನ್ನು ನೋಡಿದಳು. ಒಳ್ಳೆಯದು ಅಂದರೆ ಯಾವುದು ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ವ್ಯಾನು ಮುಂದೆ ಹೋಗಿತ್ತು.

ಶಾಲೆಯ ಬೀದಿ ಬಂತು. ಮುಂದೆ ಗೇಟು ಕಾಣುತ್ತಿತ್ತು. ಭಾವ ತನ್ನ ಜುಟ್ಟು ಬಿಡಿಸಿಕೊಳ್ಳುವ ಭರದಲ್ಲಿ ನಿಜವಾಗಿಯೂ ಕಿರುಚಿದ, ಅದು ನಟನೆಯಲ್ಲ. ಅಕ್ಕನ ಭುಜ ಒಮ್ಮೆ ಅದುರಿದ್ದನ್ನು ಟೈಲರಮ್ಮ ಕಣ್ಣಾರೆ ಕಂಡಳು. ತಲೆ ಅಲುಗಲಿಲ್ಲ. ವ್ಯಾನು ನಿಧಾನವಾಗುತ್ತ ಎಡಕ್ಕೆ ಸರಿಯಿತು, ನಿಂತಿತು. ಅಕ್ಕ ಹ್ಯಾಂಡ್‌ಬ್ರೇಕ್ ಎಳೆದಳು. ಗೇರನ್ನು ಅಲ್ಲಾಡಿಸಿ ನೋಡಿದಳು. ಆಮೇಲೆ ಸೀಟಿನ ಬೆನ್ನಿನ ಮೇಲೆ ಕೈಯೂರಿ ಪೂರ್ತಿ ಹಿಂದೆ ತಿರುಗಿ ಇಬ್ಬರನ್ನೂ ದುರುಗುಟ್ಟಿ ನೋಡಿದಳು.

"ಏಯ್! ಯಾರದು ಬಾಟಲಿ ಕಿತ್ಕೊಂಡಿದ್ದು?"

ಇಬ್ಬರೂ ಒಟ್ಟಿಗೆ ಒಬ್ಬರನ್ನೊಬ್ಬರು ತೋರಿಸಿದರು.