ನಾಲ್ಕನೆಯ ಪುಟ

ಅವನನ್ನು ಎಲ್ಲರೂ ಡೈರೆಕ್ಟರಿ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಅವನು ಟೆಲಿಫೋನ್ ಡೈರೆಕ್ಟರಿ ಕಚೇರಿಯಲ್ಲಿ, ಅಂಗಡಿಗಳ ಹೆಸರು ಬರುವ ಹಳದಿ ಪುಟಗಳ ವಿಭಾಗದಲ್ಲಿ ಕೆಲಸ ಮಾಡಿದ್ದ. ಯಾರ ಮೇಲೆ ಯಾರು, ಯಾರ ಕೆಳಗೆ ಯಾರು ಎಂದು ತೀರ್ಮಾನವಾಗುತ್ತಿದ್ದದ್ದು ಅವನ ಮೇಜಿನ ಮೇಲೆ. ಅಕ್ಷರಮಾಲೆಯ ಕ್ರಮ ಬಿಟ್ಟರೆ ಬೇರೆ ನಿಯಮವಿರಲಿಲ್ಲ. ಹಾಗಾಗಿ ಬೀಗ ರಿಪೇರಿಯವನೊಬ್ಬ ಅಂಗಡಿಯ ಹೆಸರಿನ ಮುಂದೆ ಒಂದು 'ಅ' ಅಂಟಿಸಿಕೊಂಡು ಬಂದ. ಮರುವರ್ಷ ಅವನ ಎದುರು ಅಂಗಡಿಯವನು ಎರಡು 'ಅ' ಅಂಟಿಸಿಕೊಂಡ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಬೀಗದ ಪುಟವನ್ನು ಗಟ್ಟಿಯಾಗಿ ಓದಿದರೆ ಯಾರೋ ಹಲ್ಲು ಕೀಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ಈ ಕತೆಯನ್ನು ಅವನು ಸಿಕ್ಕವರಿಗೆಲ್ಲ ಹೇಳಿ ತಾನೇ ಮೊದಲು ನಗುತ್ತಿದ್ದ.

ಆಮೇಲೆ ಡೈರೆಕ್ಟರಿ ಯಾರಿಗೂ ಬೇಡವಾಯಿತು. ಕೊನೆಯ ವರ್ಷದ ಕಟ್ಟುಗಳು ಕಚೇರಿಯ ಮೆಟ್ಟಿಲ ಕೆಳಗೆ ಬಿಚ್ಚದೆ ಬಿದ್ದಿದ್ದವು. ಐವತ್ತೊಂದನೇ ವಯಸ್ಸಿಗೆ ಕೆಲಸ ಹೋಯಿತು. ತಲೆಯ ಮೇಲೆ ಕೈಹೊತ್ತು ಕೂರುವ ಜಾಯಮಾನ ಅವನದಲ್ಲ. ವೆಬ್‌ಸೈಟುಗಳನ್ನು ಹುಡುಕಾಟದಲ್ಲಿ ಮೇಲೆ ತರುವ ವಿದ್ಯೆ ಇದೆ ಎಂದು ಕೇಳಿ, ತನ್ನ ಅರ್ಧ ವಯಸ್ಸಿನವರ ಜೊತೆ ಕೂತು ಕಲಿತ. ಇದೂ ಅದೇ ಕೆಲಸ, ಯಾರ ಮೇಲೆ ಯಾರು ಅನ್ನುವುದು. ವ್ಯತ್ಯಾಸ ಒಂದೇ. ಮೊದಲು ತೀರ್ಮಾನದ ಮೇಜಿನ ಹಿಂದೆ ಅವನೇ ಕೂತಿದ್ದ. ಈಗ ಆ ಮೇಜು ಎಲ್ಲಿದೆಯೆಂದೇ ಯಾರಿಗೂ ಗೊತ್ತಿರಲಿಲ್ಲ.

ಅವನು ಮೊದಲು ಕೈಹಾಕಿದ್ದು ಅಕ್ಕನ ಅಂಗಡಿಗೆ. ಅಕ್ಕ ಅವನಿಗಿಂತ ಆರು ವರ್ಷ ದೊಡ್ಡವಳು, ರಂಗಮಂದಿರದ ಮೇಕಪ್ ಕೋಣೆಯಲ್ಲಿ ರಾಜರಿಗೂ ಕಳ್ಳರಿಗೂ ವಿಗ್ ಕಟ್ಟುತ್ತ ವಯಸ್ಸು ಕಳೆದವಳು. ಅಲ್ಲಿ ಟಿಕೆಟ್ ಕೊಡುತ್ತಿದ್ದ ಗೆಳತಿಗೆ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲೆಲ್ಲ ಉದುರಿದಾಗ ಅವಳಿಗೊಂದು ವಿಗ್ ಕಟ್ಟಿಕೊಟ್ಟಳು. ಗೆಳತಿ ಅದನ್ನು ಹಾಕಿಕೊಂಡು ಕೌಂಟರಿಗೆ ಬಂದು ಕೂತ ದಿನ ಯಾರೂ ತಿರುಗಿ ನೋಡಲಿಲ್ಲವಂತೆ. ಯಾರೂ ತಿರುಗಿ ನೋಡದಿದ್ದದ್ದೇ ಅಕ್ಕನಿಗೆ ಸಿಕ್ಕ ದೊಡ್ಡ ಬಿರುದು. ಅಂದಿನಿಂದ ಅವಳು ಅದೇ ಕೆಲಸಕ್ಕೆ ನಿಂತಳು.

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ. ಎರಡು ಕುರ್ಚಿ, ಪರದೆ ಎಳೆಯಬಹುದಾದ ಒಂದು ಕನ್ನಡಿ, ಕಪಾಟಿನ ಮೇಲೆ ಸಾಲಾಗಿ ಮರದ ತಲೆಗಳು. "ಇವರಿಗೆಲ್ಲ ತಲೆ ಇದೆ, ತಲೆನೋವಿಲ್ಲ" ಎಂದು ಡೈರೆಕ್ಟರಿ ಬಂದಾಗಲೆಲ್ಲ ಹೇಳುತ್ತಿದ್ದ. ಅಕ್ಕ ಪ್ರತಿ ಸಲವೂ ಕೇಳಿಸದವಳ ಹಾಗೆ ಇರುತ್ತಿದ್ದಳು.

ಸೈಟು ಕಟ್ಟಿದ್ದು ಆ ಕೋಣೆಯಲ್ಲೇ. ಅಕ್ಕ ವಿಗ್ಗಿನ ತಳದ ಬಲೆಗೆ ಒಂದೊಂದೇ ಕೂದಲೆಳೆ ಗಂಟುಹಾಕುತ್ತ ಹೇಳುತ್ತಾ ಹೋಗುವುದು, ಇವನು ಸ್ಟೂಲಿನ ಮೇಲೆ ಕೂತು ಅವಳ ಮಾತನ್ನು ಇದ್ದಂತೇ ಬರೆದುಕೊಳ್ಳುವುದು. ಚಿಕಿತ್ಸೆ ಶುರುವಾಗುವ ಮೊದಲೇ ಬನ್ನಿ, ನಿಮ್ಮ ಕೂದಲಿನ ಬಣ್ಣ ನೋಡಬೇಕು. ಸೆಖೆಗೆ ಒಳಗೊಂದು ಹತ್ತಿಯ ಟೋಪಿ ಇರಲಿ. ಒಲೆಯ ಮುಂದೆ ನಿಲ್ಲುವಾಗ ತೆಗೆದಿಡಿ, ಇಲ್ಲವಾದರೆ ಎಳೆಗಳು ಸುಟ್ಟು ಮುದುಡುತ್ತವೆ. ಮಕ್ಕಳಿಗಾದರೆ ಮೊದಲು ಬೊಂಬೆಗೆ ಹಾಕಿ ತೋರಿಸಿ. ಇಂಥ ಮಾತುಗಳನ್ನು ಅಲ್ಲಿಯವರೆಗೆ ಯಾರೂ ಬರೆದಿರಲಿಲ್ಲ. ಓದಿದವರು ಇನ್ನೊಬ್ಬರಿಗೆ ಕಳಿಸಿದರು. ಹತ್ತು ತಿಂಗಳಲ್ಲಿ ಚಿಕಿತ್ಸೆಗೆ ವಿಗ್ ಎಂದು ಯಾರು ಹುಡುಕಿದರೂ ಅಕ್ಕನ ಸೈಟೇ ಮೊದಲು ಬರತೊಡಗಿತು.

ಆ ಮೊದಲ ಸ್ಥಾನವನ್ನು ಅವನು ಕಣ್ಣಲ್ಲಿ ಕಣ್ಣಿಟ್ಟು ಕಾದ. ಬೆಳಗ್ಗೆ ಹಲ್ಲುಜ್ಜುವ ಮೊದಲು ಒಂದು ಸಲ ಹುಡುಕಿ ನೋಡುವುದು, ಆಮೇಲೆ ಹೆಂಡತಿಯ ಫೋನಿನಲ್ಲಿ ಇನ್ನೊಂದು ಸಲ. ನಮ್ಮ ಫೋನು ನಮಗೆ ಬೇಕಾದ್ದನ್ನೇ ತೋರಿಸಿ ಮುಖಸ್ತುತಿ ಮಾಡುತ್ತದೆ ಎಂದು ಅವನ ವಾದ. ಪುಟ ಬೇಗ ತೆರೆದುಕೊಳ್ಳಲೆಂದು ಚಿತ್ರಗಳನ್ನು ಹಗುರ ಮಾಡಿದ. ಯಾರೋ ಎರಡು ಪುಟ ಕದ್ದು ತಮ್ಮ ಸೈಟಿನಲ್ಲಿ ಹಾಕಿಕೊಂಡಾಗ ಬೆನ್ನುಬಿದ್ದು ತೆಗೆಸಿದ. ದೂರದೂರದಿಂದ ಜನ ಮೆಟ್ಟಿಲು ಹತ್ತಿ ಬರುತ್ತಿದ್ದರು. ಬಂದವರು "ಬೊಂಬೆ ವಿಷಯ ಬರೆದದ್ದು ನೀವೇನಾ?" ಎಂದು ಕೇಳಿದರೆ ಅಕ್ಕ ನಾಚಿಕೊಂಡು ತಮ್ಮನ ಕಡೆ ಬೆರಳು ತೋರಿಸುತ್ತಿದ್ದಳು.

ಐದು ವರ್ಷ ಹೀಗೇ ನಡೆಯಿತು. ಆರನೇ ವರ್ಷ ದೊಡ್ಡ ಕಂಪನಿಯೊಂದು ಅದೇ ವ್ಯವಹಾರಕ್ಕೆ ಇಳಿಯಿತು. ಅವರಿಗೆ ಹನ್ನೊಂದು ಊರಲ್ಲಿ ಮಳಿಗೆ, ಸೈಟು ನೋಡಿಕೊಳ್ಳುವುದಕ್ಕೇ ಒಂದು ಕೋಣೆ ತುಂಬ ಜನ. ಅಕ್ಕನ ಸೈಟು ಮೊದಲನೆಯದರಿಂದ ಮೂರಕ್ಕೆ, ಮೂರರಿಂದ ಆರಕ್ಕೆ ಇಳಿಯಿತು. ಡೈರೆಕ್ಟರಿಗೆ ಊಟ ಸೇರದಾಯಿತು.

ಆ ದಿನಗಳಲ್ಲೇ ಒಬ್ಬ ಫೋನ್ ಮಾಡಿದ. ಮುಖ ತೋರಿಸಿದವನಲ್ಲ, ಬರೀ ದನಿ. ಲಿಂಕ್ ಮಾರುವವನು. ಬೇರೆ ಸೈಟಿನವರು ನಿಮ್ಮ ಸೈಟಿನ ಕಡೆ ಬೆರಳು ತೋರಿಸಿದರೆ ಅದು ಲಿಂಕ್. ಎಷ್ಟು ಜನ ಬೆರಳು ತೋರಿಸುತ್ತಾರೋ ಹುಡುಕಾಟದಲ್ಲಿ ನಿಮಗೆ ಅಷ್ಟು ಮರ್ಯಾದೆ.

"ನಾಲ್ಕು ನೂರು ಸೈಟಿಂದ ಲಿಂಕ್ ಕೊಡಿಸ್ತೀನಿ ಸರ್" ಅಂದ ಅವನು. "ಎಲ್ಲರೂ ಮಾಡ್ತಾರೆ. ನಿಮ್ಮ ಮೇಲೆ ಕೂತಿರೋರು ಮಾಡಿಲ್ಲ ಅಂದ್ಕೊಂಡಿದ್ದೀರಾ?"

ಇದು ಅಡ್ಡದಾರಿ ಎಂದು ಡೈರೆಕ್ಟರಿಗೆ ಚೆನ್ನಾಗಿ ಗೊತ್ತಿತ್ತು. ಕಲಿಯುವಾಗ ಮೊದಲ ವಾರದಲ್ಲೇ ಹೇಳಿದ್ದರು, ಕೊಂಡ ಲಿಂಕು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತದೆ ಎಂದು. ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ ಅಂಗಡಿಗೆ ಹೋದರೆ ಅಕ್ಕ ಕೈಕಟ್ಟಿ ಕೂತಿದ್ದಳು, ಮಧ್ಯಾಹ್ನದವರೆಗೆ ಒಂದು ಕರೆಯೂ ಬಂದಿರಲಿಲ್ಲ. ಮೆಟ್ಟಿಲಿಳಿದು ಬಂದವನೇ ಆ ದನಿಗೆ ಹೂಂ ಅಂದುಬಿಟ್ಟ. ಅಕ್ಕನಿಗೆ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ಎಂಟು ವಾರದಲ್ಲಿ ಸೈಟು ಮತ್ತೆ ಮೊದಲನೆಯದಾಯಿತು. ಅಕ್ಕ ಅವನಿಗೊಂದು ಅಂಗಿ ತಂದುಕೊಟ್ಟಳು. ಅದನ್ನು ಹಾಕಿಕೊಂಡಾಗಲೆಲ್ಲ ಅವನಿಗೆ ಕುತ್ತಿಗೆ ಪಟ್ಟಿ ಬಿಗಿಯೆನ್ನಿಸುತ್ತಿತ್ತು.

ಒಂದೂವರೆ ವರ್ಷದ ಮೇಲೆ ಒಂದು ಸೋಮವಾರ ಬೆಳಗ್ಗೆ ಹುಡುಕಿದಾಗ ಅಕ್ಕನ ಸೈಟು ಮೊದಲ ಪುಟದಲ್ಲಿರಲಿಲ್ಲ. ಎರಡನೆಯದರಲ್ಲೂ ಇಲ್ಲ. ಹತ್ತನೆಯ ಪುಟದವರೆಗೆ ಬೆರಳಾಡಿಸಿದ, ಇಲ್ಲ. ಹೆಂಡತಿಯ ಫೋನಿನಲ್ಲೂ ಇಲ್ಲ. ಕಂಪ್ಯೂಟರ್ ತೆರೆದರೆ ಹುಡುಕಾಟದ ಕಂಪನಿಯಿಂದ ನಾಲ್ಕು ಸಾಲಿನ ಸೂಚನೆ ಬಂದಿತ್ತು. ನಿಮ್ಮ ಸೈಟಿಗೆ ಅಸಹಜವಾದ ಲಿಂಕುಗಳು ಕಂಡುಬಂದಿವೆ, ಆದ್ದರಿಂದ ಕ್ರಮ ಕೈಗೊಳ್ಳಲಾಗಿದೆ. ಕೆಳಗೆ ಸಹಿಯಿಲ್ಲ, ಫೋನ್ ನಂಬರಿಲ್ಲ.

"ಯಾಕ್ರೀ, ಮುಖ ಹಾಗಾಗಿದೆ?" ಅಂದಳು ಹೆಂಡತಿ.

"ಏನಿಲ್ಲ. ಸೈಟಲ್ಲೇನೋ ತೊಂದರೆ. ಸರಿಹೋಗುತ್ತೆ."

ಲಿಂಕು ಮಾರಿದವನ ನಂಬರಿಗೆ ಮಾಡಿದ. ಆ ನಂಬರೇ ಚಾಲ್ತಿಯಲ್ಲಿರಲಿಲ್ಲ. ಆ ನಾಲ್ಕು ನೂರು ಸೈಟುಗಳ ಪಟ್ಟಿ ತೆಗೆದು ಒಂದೊಂದನ್ನೇ ತೆರೆದು ನೋಡಿದ. ಟೈರ್ ಮಾರುವುದೊಂದು, ಜೂಜಿನದೊಂದು, ನಾಯಿಮರಿ ಸಾಕುವುದು ಹೇಗೆಂಬ ಹೆಸರಿಟ್ಟುಕೊಂಡು ಒಳಗೆ ಒಂದು ನಾಯಿಯೂ ಇಲ್ಲದ್ದು ಇನ್ನೊಂದು. ಕೂದಲು ಉದುರಿದ ಹೆಂಗಸರಿಗೆ ಅಕ್ಕ ಹೇಳಿದ ಮಾತುಗಳ ಕಡೆ ಬೆರಳು ತೋರಿಸುತ್ತಿದ್ದವರು ಇವರು. ಅವನಿಗೆ ಹೇಸಿಗೆಯಾಯಿತು. ದಯವಿಟ್ಟು ಲಿಂಕ್ ತೆಗೆಯಿರಿ ಎಂದು ಪ್ರತಿಯೊಂದಕ್ಕೂ ಬರೆದ. ಏಳು ಕಡೆಯಿಂದ ಉತ್ತರ ಬಂತು, ಅದರಲ್ಲಿ ಐದು ಜನ ಇನ್ನಷ್ಟು ಲಿಂಕ್ ಬೇಕೇ ಎಂದು ಕೇಳಿದ್ದರು.

ಉಳಿದದ್ದು ಒಂದೇ ದಾರಿ. ಈ ಲಿಂಕುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಹುಡುಕಾಟದ ಕಂಪನಿಗೆ ಪಟ್ಟಿ ಕಳಿಸಿ, ತಪ್ಪೊಪ್ಪಿಕೊಂಡು ಮನವಿ ಬರೆಯುವುದು. ಬರೆದ. ಮೂರು ವಾರ ಕಾದ. ಉತ್ತರ ಬಂತು: ಪ್ರಯತ್ನ ಸಾಲದು. ಎಲ್ಲಿ ಸಾಲದು, ಎಷ್ಟು ಸಾಲದು ಎಂದು ಕೇಳೋಣವೆಂದರೆ ಕೇಳಲು ಒಂದು ಮುಖವಿಲ್ಲ. ಡೈರೆಕ್ಟರಿ ಕಚೇರಿಯ ದಿನಗಳಲ್ಲಿ ಸಿಟ್ಟಾದ ಅಂಗಡಿಯವರು ನೇರ ಅವನ ಮೇಜಿಗೇ ಬರುತ್ತಿದ್ದರು, ಬೈಯುತ್ತಿದ್ದರು, ಚಹಾ ಕುಡಿದು ಹೋಗುತ್ತಿದ್ದರು. ತನ್ನನ್ನು ಬೈಯುತ್ತಿದ್ದ ಅವರು ಎಷ್ಟು ಪುಣ್ಯವಂತರು ಅನ್ನಿಸಿತು.

ಅಷ್ಟರಲ್ಲಿ ಅಂಗಡಿಯ ಫೋನು ಸದ್ದಡಗಿ ಮೂರು ತಿಂಗಳಾಗಿತ್ತು. ಅಕ್ಕ ಮಾತ್ರ ತಮ್ಮನನ್ನು ಒಂದು ಮಾತೂ ಕೇಳಲಿಲ್ಲ. "ನೀನಿದ್ದೀಯಲ್ಲ, ನೋಡ್ಕೋತೀಯ" ಅಂದಷ್ಟೇ ಹೇಳಿ ಹಳೆಯ ವಿಗ್ಗುಗಳನ್ನು ಬಾಚುತ್ತ ಕೂರುತ್ತಿದ್ದಳು. ಆ ಮಾತು ಅವನನ್ನು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಒಂದು ದಿನ ತಡೆಯಲಾರದೆ ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡ. ಅವಳು ಬಟ್ಟೆ ಮಡಿಸುತ್ತಿದ್ದವಳು ಮಡಿಸುತ್ತಲೇ ಕೇಳಿದಳು.

"ನನಗೆ ಹೇಳಿ ಏನು ಬಂತು?" ಅಂದಳು. "ಹೇಳಬೇಕಾದವರು ಮಹಡಿ ಮೇಲೆ ಕೂತಿದ್ದಾರೆ."

ಮರುದಿನ ಬೆಳಗ್ಗೆ ಮೆಟ್ಟಿಲು ಹತ್ತಿದ. ಅಕ್ಕ ಕಿಟಕಿಯ ಬೆಳಕಿಗೆ ಬಲೆ ಹಿಡಿದು ಕೂತಿದ್ದಳು. ಅವನು ನಿಂತುಕೊಂಡೇ ಹೇಳಿದ, ಶಾಲೆಯಲ್ಲಿ ತಪ್ಪು ಮಾಡಿದ ಹುಡುಗನ ಹಾಗೆ, ಮೊದಲಿನಿಂದ ಕೊನೆಯವರೆಗೆ. ಅಕ್ಕನಿಗೆ ಲಿಂಕು ಗಿಂಕು ಎಲ್ಲ ತಿಳಿಯಲಿಲ್ಲ. ತಿಳಿದದ್ದು ಒಂದೇ.

"ಅಂದ್ರೆ ನಾವು ಸುಳ್ಳು ಸಾಕ್ಷಿ ತಂದ್ವಿ. ಸಿಕ್ಕಿಬಿದ್ವಿ."

"ನಾವಲ್ಲ ಅಕ್ಕ. ನಾನು."

"ಅಂಗಡಿ ನಂದು." ಅಕ್ಕ ಬಲೆಯನ್ನು ಕೆಳಗಿಟ್ಟಳು. "ಆರನೇದರಲ್ಲಿ ಇದ್ದಿದ್ರೆ ಏನಾಗ್ತಿತ್ತೋ? ಆರನೇದರವರೆಗೂ ಜನ ನೋಡ್ತಾರಲ್ವಾ?"

"ನೋಡ್ತಾರೆ. ಕೆಲವರು."

"ನನಗೆ ಕೆಲವರೇ ಸಾಕಿತ್ತು. ವಾರಕ್ಕೊಂದು ತಲೆ. ನನ್ನ ಕೈಲಿ ಆಗೋದೇ ಅಷ್ಟು."

ಇಷ್ಟು ವರ್ಷ ಅವನು ಅವಳನ್ನು ಈ ಪ್ರಶ್ನೆ ಕೇಳಿಯೇ ಇರಲಿಲ್ಲ. ನಿನಗೆ ಎಷ್ಟು ಜನ ಬೇಕು ಎಂದು. ಅವಳು ಬೈಯಲಿಲ್ಲ, ಅಳಲಿಲ್ಲ. ಕೂತ್ಕೋ ಎಂದು ಸ್ಟೂಲು ತೋರಿಸಿದಳು. ಅವನಿಗೆ ಕೂರಲಾಗಲಿಲ್ಲ.

ಅವನು ಮತ್ತೆ ಮನವಿ ಬರೆದ. ಈ ಸಲ ನಾಜೂಕಿನ ಮಾತು ಬಿಟ್ಟು, ಯಾವಾಗ ಕೊಂಡೆ, ಯಾಕೆ ಕೊಂಡೆ, ಯಾರ್ಯಾರಿಗೆ ಎಷ್ಟು ಸಲ ಬರೆದೆ ಎಂದು ಇದ್ದದ್ದನ್ನು ಇದ್ದಂತೆ ಬರೆದು ಕಳಿಸಿದ. ಐದನೆಯ ವಾರ ಉತ್ತರ ಬಂತು. ಕ್ರಮವನ್ನು ಹಿಂತೆಗೆದುಕೊಳ್ಳಲಾಗಿದೆ. ಅವನು ಕುರ್ಚಿಯಿಂದೆದ್ದು ಅಡುಗೆಮನೆಗೆ ಹೋಗಿ ಹೆಂಡತಿಯ ಕೈ ಹಿಡಿದುಕೊಂಡು ನಿಂತ.

ಆದರೆ ಹುಡುಕಿ ನೋಡಿದರೆ ಅಕ್ಕನ ಸೈಟು ನಾಲ್ಕನೆಯ ಪುಟದಲ್ಲಿತ್ತು. ದಂಡ ತೆಗೆದಿದ್ದರು, ಹಳೆಯ ಜಾಗ ಕೊಟ್ಟಿರಲಿಲ್ಲ. ಸುಳ್ಳು ಲಿಂಕುಗಳು ಎತ್ತಿ ನಿಲ್ಲಿಸಿದ್ದು ಅವುಗಳ ಜೊತೆಗೇ ಬಿದ್ದುಹೋಗಿತ್ತು, ಮೇಲಿನ ಜಾಗಗಳಲ್ಲಿ ಆಗಲೇ ಬೇರೆಯವರು ಬೇರು ಬಿಟ್ಟಿದ್ದರು. ಅವನು ಹೊಸ ಪುಟ ಬರೆದ, ಹಳೆಯದನ್ನು ತಿದ್ದಿದ, ಆಸ್ಪತ್ರೆಗಳಿಗೆ ಪತ್ರ ಬರೆದು ನಿಮ್ಮ ಸೈಟಿನಲ್ಲಿ ನಮ್ಮ ವಿಳಾಸ ಹಾಕಿ ಎಂದು ಕೇಳಿದ. ಒಂದು ಆಸ್ಪತ್ರೆ ಹಾಕಿತು. ನಾಲ್ಕನೆಯ ಪುಟ ನಾಲ್ಕನೆಯ ಪುಟವಾಗಿಯೇ ಉಳಿಯಿತು. ಕಾಯಿಲೆಯ ಸುದ್ದಿ ಕೇಳಿ ಹುಡುಕುವವರು ನಾಲ್ಕನೆಯ ಪುಟದವರೆಗೆ ಬರುವುದಿಲ್ಲ. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ವರ್ಷ ಕಳೆಯುವ ಮೊದಲೇ ಅಕ್ಕ ಕೋಣೆ ಬಿಟ್ಟಳು. ಮೊದಲ ಪುಟದ ಮೊದಲ ಸಾಲಿನಲ್ಲಿದ್ದ ಕಂಪನಿಯೇ ಅವಳನ್ನು ಕೆಲಸಕ್ಕೆ ಕರೆಯಿತು. ಒಳಕೋಣೆಯಲ್ಲಿ ಕೂತು ಗಂಟು ಹಾಕುವ ಕೆಲಸ. ಹೊರಗೆ ಸ್ವಂತಕ್ಕೆ ವಿಗ್ ಕಟ್ಟಬಾರದು ಎಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು.

"ಬೆನ್ನಿಗೆ ಒಳ್ಳೇ ಕುರ್ಚಿ ಕೊಟ್ಟಿದ್ದಾರೆ" ಎಂದು ಅಕ್ಕ ಫೋನಿನಲ್ಲಿ ಹೇಳಿದಳು. "ನೀನು ಅದನ್ನೇ ತಲೇಲಿ ಇಟ್ಕೊಂಡು ಕೂರಬೇಡ. ಸೈಟ್ ಮುಚ್ಚಿಬಿಡು."

ಮುಚ್ಚುತ್ತೇನೆ ಅಂದ. ಮುಚ್ಚಲಿಲ್ಲ.

ಎರಡು ತಿಂಗಳ ಮೇಲೆ ಆ ಸೈಟಿನ ಮೂಲಕ ಒಂದು ಪತ್ರ ಬಂತು. ಬರೆದವಳು ಶಾಲೆಯ ಟೀಚರು. ಮುಂದಿನ ವಾರ ಚಿಕಿತ್ಸೆ ಶುರುವಂತೆ. ಮೊದಲು ಸಿಕ್ಕ ಸೈಟುಗಳಲ್ಲೆಲ್ಲ ನಗುವ ಹುಡುಗಿಯರ ಚಿತ್ರ ಮಾತ್ರ ಇತ್ತು, ಓದುತ್ತ ಓದುತ್ತ ಇಲ್ಲಿಗೆ ಬಂದೆ, ಒಲೆಯ ಮುಂದೆ ತೆಗೆದಿಡಿ ಅಂದವರೇ ನನಗೆ ಕಟ್ಟಿಕೊಡಬೇಕು ಎಂದು ಬರೆದಿದ್ದಳು. ಅವನು ಆ ಪತ್ರವನ್ನು ಎಷ್ಟೋ ಸಲ ಓದಿದ. ಇಂಥ ಒಬ್ಬಳಿಗಾಗಿಯೇ ಅಷ್ಟೆಲ್ಲ ಬರೆದದ್ದು. ಈಗ ಅವಳಿಗೆ ಕೊಡಲು ವಿಳಾಸವಿಲ್ಲ. ಕೊನೆಗೆ ಆ ಕಂಪನಿಯ ಮಳಿಗೆಯ ನಂಬರು ಬರೆದು, ಒಳಕೋಣೆಯಲ್ಲಿ ವಯಸ್ಸಾದ ಒಬ್ಬರಿದ್ದಾರೆ, ಅವರೇ ಬೇಕು ಎಂದು ಕೇಳಿ ಎಂದು ಉತ್ತರಿಸಿದ.

ಹದಿನೈದು ದಿನ ಬಿಟ್ಟು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಕ್ಕನ ಫೋನ್ ಬಂತು.

"ನೀನು ಯಾರನ್ನೋ ಕಳಿಸಿದ್ದೆಯಾ?"

"ಒಬ್ಬ ಟೀಚರ್. ಬಂದಿದ್ರಾ?"

"ಬಂದಿದ್ರಂತೆ. ಗಿರಾಕಿಗಳನ್ನ ಒಳಗೆ ಬಿಡಲ್ಲ ಇಲ್ಲಿ. ಅಳತೆ ಚೀಟಿ ಮಾತ್ರ ಬಂತು ನನ್ನ ಹತ್ರ. ತಲೆ ಸುತ್ತಳತೆ ಇಷ್ಟು, ಬಣ್ಣದ ನಂಬರ್ ಇಷ್ಟು." ಅಕ್ಕ ಏನೋ ಅಗಿಯುತ್ತಿದ್ದಳು, ನಿಲ್ಲಿಸಿದಳು. "ಮುಖ ನೋಡದೆ ಹಣೆ ಮೇಲಿನ ಕೂದಲು ಎಲ್ಲಿಂದ ಶುರು ಮಾಡೋದೋ?"

ಅವನು ಟೀಚರ್ ಬರೆದ ಪತ್ರವನ್ನು ತೆರೆದು ನೋಡಿದ, ಅದರಲ್ಲಿ ಫೋಟೋ ಇರಲಿಲ್ಲ.

"ಅಂದಾಜಿನ ಮೇಲೆ ಮಾಡಿದೆ" ಅಂದಳು ಅಕ್ಕ. "ಸರಿಯಾಯ್ತೋ ಇಲ್ವೋ ಗೊತ್ತಾಗಲ್ಲ ನನಗೆ. ಆಯ್ತು, ಗಂಟೆ ಹೊಡೀತು, ಇಡ್ತೀನಿ."