ಮೊದಲ ‘ಅಲ್ಲ’ಕ್ಕಾಗಿ ಎಮ್ಮೆಯಾಗುವ ಪ್ರಶ್ನೆ ಅಕ್ಕ

ಸೂರ್ಯ ಇನ್ನೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿದ್ದಾನೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಆಕಾಶಕ್ಕೆ ತಾಗುವಷ್ಟು ಬೆಡ್‌ಶೀಟಿನ ರಾಶಿ. ಅದರ ಬುಡದಲ್ಲಿ ಬಕೆಟ್ ಬೋರಲು ಹಾಕಿ ಕೂತ ಪ್ರಶ್ನೆ ಅಕ್ಕ, ಎದುರಿನ ಆಜಾನುಬಾಹುವನ್ನು ಗಂಭೀರವಾಗಿ ಕೇಳುತ್ತಿದ್ದಾರೆ: “ನಾನು ಎಮ್ಮೆನಾ?”

“ಹೂಂ.”

“ಕೊಂಬಿದೆಯಾ ನಂಗೆ?”

“ಹೂಂ.”

ಅಕ್ಕ ಮನಶ್ಶಾಸ್ತ್ರಜ್ಞೆ. ಬುದ್ಧಿಯ ಬೆಳವಣಿಗೆ ನಿಧಾನವಾದವರ ಮನಸ್ಸಿನ ಸಂಕಟ ಅಳೆಯುವುದು ಅವರ ಕಸುಬು. ಸಮುದ್ರವನ್ನು ಲೋಟದಲ್ಲಿ ಅಳೆಯುವುದು ಇದಕ್ಕಿಂತ ಸಲೀಸು. ಬೈಗುಳ ತಿಂದು ತಿಂದು ಎಲ್ಲದಕ್ಕೂ ತಲೆಯಾಡಿಸುವುದನ್ನು ಕಲಿತವರು ಇವರಲ್ಲಿ ಬಹಳ. “ಖುಷಿನಾ ಅಂದ್ರೂ ಹೂಂ, ದುಃಖನಾ ಅಂದ್ರೂ ಹೂಂ. ಅದನ್ನ ನಂಬಿ ಬರ್ಕೊಂಡ್ರೆ ನಾನು ನಿಜವಾಗ್ಲೂ ಎಮ್ಮೆನೇ,” ಎನ್ನುತ್ತಾರೆ. ಹಾಗಾಗಿ ಎದುರಿನವರ ಬಾಯಿಂದ ಒಂದು ‘ಅಲ್ಲ’ ಉದುರುವ ತನಕ ಅಸಲಿ ಪ್ರಶ್ನೆ ಚೀಲದಿಂದ ಹೊರಬರುವುದಿಲ್ಲ. “ಇಷ್ಟೆಲ್ಲ ಓದಿದ್ದು ಎಮ್ಮೆ ಆಗೋಕಾ?” ಎಂದು ಗಂಡ ದಿನವೂ ಕಾಲೆಳೆಯುತ್ತಾರೆ.

ಇವತ್ತಿನದು ನಗುವ ವಿಷಯವಲ್ಲ. ಎಲ್ಲರೂ ಹೂಂರಾಯ ಎಂದು ಕರೆಯುವ ಈತ ಒಂದು ವಾರದಿಂದ ಸರಿಯಾಗಿ ಉಣ್ಣುತ್ತಿಲ್ಲ, ಮಡಚಬೇಕಾದ ಶೀಟು ಬಿಸಾಡುತ್ತಾನೆ. “ಕೊಬ್ಬು ಮೇಡಂ. ಇವತ್ತೂ ಹೀಗೇ ಆದ್ರೆ ಮನೆಗೆ,” ಎಂದಿದ್ದಾರೆ ಮೇಲ್ವಿಚಾರಕರು. ಮಗ ಮತ್ತೆ ನಾಲ್ಕು ಗೋಡೆಗಳ ಪಾಲಾಗುತ್ತಾನೆಂದು ಹೆದರಿದ ತಾಯಿ, ಊಟದ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ.

ಅಕ್ಕ ಬಕೆಟ್ ಎತ್ತಿ ತಲೆಗೆ ಕವುಚಿಕೊಳ್ಳುತ್ತಾರೆ. “ಇದು ನನ್ನ ಕೂದಲಾ?”

“ಅಲ್ಲಕ್ಕಾ!”

ಅವನು ನಕ್ಕ ಸದ್ದಿಗೆ ಒಗೆಯುವ ಯಂತ್ರಗಳೇ ನಾಚಿ ಸುಮ್ಮನಾಗುತ್ತವೆ. ಈಗ ಅಸಲಿ ಪ್ರಶ್ನೆಗಳು.

“ಹೊಟ್ಟೆನೋವಾ?”

“ಇಲ್ಲ.”

“ಕೆಲಸ ಬೇಡ್ವಾ?”

“ಬೇಕು.”

“ಮತ್ತೆ?”

ಅವನು ಶೀಟಿನ ಎರಡು ತುದಿ ಹಿಡಿದು, ಉಳಿದ ಎರಡನ್ನು ಖಾಲಿ ಗಾಳಿಗೆ ಚಾಚುತ್ತಾನೆ. “ಗುಂಗುರು ಸತ್ತೋದ್ನಾ?”

ಗುಂಗುರುಗೂದಲಿನ ಆ ಜೊತೆಗಾರ ವರ್ಷಗಟ್ಟಲೆ ಶೀಟಿನ ಆ ಕಡೆ ಹಿಡಿದವನು. ಹೋದ ವಾರ ಅವನನ್ನು ಇಸ್ತ್ರಿ ಕೋಣೆಗೆ ಹಾಕಿದ್ದಾರೆ. ಇವನಿಗೆ ಹೇಳಬೇಕೆಂದು ಯಾರಿಗೂ ಹೊಳೆದಿಲ್ಲ.

“ಇಲ್ಲ ಕಣೋ! ಗೋಡೆ ಆಚೆ ಇದ್ದಾನೆ, ಬಾ!”

ಇಸ್ತ್ರಿ ಕೋಣೆಯಲ್ಲಿ ಇಬ್ಬರ ಅಪ್ಪುಗೆಗೆ ಕಟ್ಟಡದ ಪಾಯ ಅಲುಗದೆ ಉಳಿದದ್ದೇ ಪವಾಡ. ಮೇಲ್ವಿಚಾರಕರು ತಲೆ ಕೆರೆದುಕೊಂಡು ಗುಂಗುರುವನ್ನು ಹಳೇ ಜಾಗಕ್ಕೇ ಕಳಿಸುತ್ತಾರೆ. ತಾಯಿ ಅಳುತ್ತಾ ನಗುತ್ತಾ ಡಬ್ಬಿ ಬಿಚ್ಚುತ್ತಾರೆ. ಹೂಂರಾಯ ಗಬಗಬ ತಿನ್ನುತ್ತಾನೆ.

“ನಂಗೊಂದು ತುತ್ತು ಕೊಡ್ತೀಯೇನೋ?” ಅಕ್ಕ ಕೈಯೊಡ್ಡುತ್ತಾರೆ.

“ಕೊಡಲ್ಲ.”

ಅಕ್ಕನ ಮುಖ ಊರಗಲ ಆಗುತ್ತದೆ. “ಇಷ್ಟು ಜನರ ಕೈಲಿ ‘ಇಲ್ಲ’ ಅನ್ನಿಸಿಕೊಂಡೋರು ಈ ಊರಲ್ಲಿ ಇನ್ನೊಬ್ರಿದ್ರೆ ತೋರಿಸಿ ನೋಡೋಣ!”