ಮಗ್ಗದ ಎಣ್ಣಿ

ಇಚಲಕರಂಜಿಯ ಬ್ಯಾನರ್ ಅಂಗಡ್ಯಾಗ ದೊಡ್ಡ ಪ್ರಿಂಟರ್ ಹಟ ಹಿಡಿದಿತ್ತು. ಶಾಯಿ ಹೊತ್ತ ಕ್ಯಾರೇಜ್ ಎರಡು ಗೇಣು ಓಡಿ ಗಕ್ಕನ ನಿಲ್ಲತಿತ್ತು. ಸಂಜೀಕ ಮದುವಿ ಬ್ಯಾನರ್ ಕೊಡಬೇಕು; ಮದುಮಗ ಮೂಗಿನ ತನಕ ಅಷ್ಟ ಬಂದಿದ್ದ.

ರಿಪೇರಿಗೆ ಬಂದ ನಾನು ಸಾಮಾನಿನ ಚೀಲ ಕೆಳಗಿಟ್ಟು, ಮುಚ್ಚಳ ತೆಗೆದು ನೋಡಿದೆ. ಕ್ಯಾರೇಜ್ ಗೆರಿ ಓದಿ ತನ್ನ ಜಾಗಾ ತಿಳಕೊಳ್ಳೋ ತೆಳು ಪಟ್ಟಿ ಎಣ್ಣಿಯೊಳಗ ತೊಯ್ದಿತ್ತು. ಬಾಜೂ ಮಗ್ಗದ ಹತ್ತಿ ಧೂಳು ಅದಕ್ಕ ಅಂಟಿತ್ತು.

“ಎಣ್ಣಿ ಯಾರು ಹಾಕಿದ್ರೀ?”

“ನಾನರಿ,” ಅಂದ್ರು ಮಾಲಕರ ಅಪ್ಪ, ಜೀವನಪೂರ್ತಿ ಮಗ್ಗ ನಡೆಸಿದವರು. “ಓಡಾಡೋ ಮಷಿನ್‌ಗೆ ಎಣ್ಣಿ ಬ್ಯಾಡೇನು?”

“ಅದು ಮಷಿನ್ನಿನ ಕಣ್ಣರಿ ಅಜ್ಜಾರ. ಕಣ್ಣಿಗೆ ಯಾರರ ಎಣ್ಣಿ ಹಾಕ್ತಾರೇನು?”

“ನಮ್ಮವ್ವ ಔಡಲೆಣ್ಣಿ ಹಾಕತಿದ್ಲಲ್ಲರಿ!”

ಪಟ್ಟಿ ಒರೆಸಿ ಮತ್ತ ಚಾಲೂ ಮಾಡಿದೆ. ಮದುಮಗ ಪೂರಾ ಬಂದ.

ಮನಿಗೆ ಬಂದು ಸಾಮಾನಿನ ಚೀಲ ತೆಗೆದ್ರ, ವರ್ಷದಿಂದ ಸಿಕ್ಕೊಳ್ಳತಿದ್ದ ಝಿಪ್ ಸರ್ರಂತ ಸರೀತು. ಮೂಸಿ ನೋಡಿದೆ. ಮಗ್ಗದ ಎಣ್ಣಿ.